ನಾನೂರ ಹನ್ನೆರಡು ಚುಕ್ಕೆ

ಕಡ್ಡಿಗೆ ತನ್ನ ಜಾಣತನದ ಮೇಲೆ ನಂಬಿಕೆ ಒಂದು ಹಿಡಿ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಆದದ್ದಕ್ಕೆಲ್ಲ ಅದೇ ಬೇರು. ಕೆಟ್ಟ ಹುಡುಗಿಯೇನಲ್ಲ. ಜೋರಾಗಿ ಗಾಳಿ ಬೀಸಿದರೆ ಹಾರಿಹೋಗುತ್ತಾಳೆ ಅನ್ನುವಂಥ ಮೈಕಟ್ಟು, ಹಾಗಾಗಿ ಶಾಲೆಯಲ್ಲಿ ಬಿದ್ದ ಹೆಸರು ಇಪ್ಪತ್ತನಾಲ್ಕು ತುಂಬಿದರೂ ಅಂಟಿಕೊಂಡೇ ಇತ್ತು. ತಲೆ ಮಾತ್ರ ಬಲು ಚುರುಕು. ಚುರುಕು ತಲೆಯವರು ಮಾಡುವಂಥ ತಪ್ಪು ಪಾಪ ದಡ್ಡರ ಕೈಲಿ ಆಗುವಂಥದ್ದಲ್ಲ ನೋಡಿ.

ಮೂವರು ಹೆಣ್ಣುಮಕ್ಕಳು ಸೇರಿ ಒಂದು ಆ್ಯಪ್ ಮಾಡಿದ್ದರು. ಹೆಸರು ‘ಕಾವಲು’. ಅಳಿವಿನ ಅಂಚಿಗೆ ಬಂದ ಹಕ್ಕಿಯೋ ಹಾವೋ ಆಮೆಯೋ ಯಾರ ಕಣ್ಣಿಗಾದರೂ ಬಿದ್ದರೆ ಫೋಟೊ ತೆಗೆದು ಅದರಲ್ಲಿ ಹಾಕುವುದು. ಎಷ್ಟಿವೆ, ಮರಿ ಮಾಡಿವೆಯಾ, ಯಾರಾದರೂ ಕಾಟ ಕೊಡುತ್ತಿದ್ದಾರಾ ಅಂತ ಬರೆಯುವುದು. ಅದನ್ನು ನೋಡಿ ನಾಲ್ಕು ಜನ ಆ ಮೂಕಜೀವಗಳ ಪರವಾಗಿ ದನಿ ಎತ್ತುವುದು. ಕೋಡ್ ಬರೆಯುವವಳು ಕಡ್ಡಿ. ಊರೂರು ಸುತ್ತಿ ಜನರನ್ನು ಸೇರಿಸುವವಳು ಪಟಾಕಿ, ಅವಳ ಬಾಯಿಗೆ ಆ ಹೆಸರೂ ಕಡಿಮೆಯೇ. ಚಿತ್ರ, ಬಣ್ಣ, ಅಕ್ಷರ ನೋಡಿಕೊಳ್ಳುವವಳು ಟೀಚರಮ್ಮ. ಎರಡು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿ, ಸಾಕಪ್ಪಾ ಸಾಕು ಅಂತ ಬಿಟ್ಟು ಬಂದವಳು. ಕನ್ನಡಕದ ಅಂಗಡಿಯ ಮೇಲಿನ ಒಂದೇ ಕೋಣೆ, ಹಳೆಯ ಬಾಗಿಲನ್ನು ಮಲಗಿಸಿ ಮಾಡಿದ ಮೇಜು, ಕೆಮ್ಮಿ ಕೆಮ್ಮಿ ಹಾಳೆ ಉಗುಳುವ ಒಂದು ಪ್ರಿಂಟರ್. ಇಷ್ಟೇ ಅವರ ಆಫೀಸು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಒಂದೇ ಒಂದು ಮಾತು. ಪ್ರಾಣಿ ಎಲ್ಲಿದೆ ಅನ್ನುವುದು ಕಳ್ಳರಿಗೆ ಗೊತ್ತಾಗಬಾರದು. ಗೊತ್ತಾದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಅದಕ್ಕೆ ಕಡ್ಡಿ ಒಂದು ಉಪಾಯ ಹೂಡಿದ್ದಳು. ನಕ್ಷೆಯಲ್ಲಿ ಚುಕ್ಕೆಯನ್ನು ನಿಜವಾದ ಜಾಗದಲ್ಲಿ ಇಡುತ್ತಿರಲಿಲ್ಲ. ಅದರ ಸುತ್ತ ಎರಡು ಕಿಲೋಮೀಟರಿನೊಳಗೆ ಎಲ್ಲಾದರೂ ಒಂದು ಕಡೆ, ಕಣ್ಣು ಮುಚ್ಚಿ ಕಲ್ಲೆಸೆದ ಹಾಗೆ, ಚುಕ್ಕೆ ಬೀಳುತ್ತಿತ್ತು. ಅದೇ ಪುಟವನ್ನು ಇನ್ನೊಂದು ಸಲ ತೆರೆದರೆ ಇನ್ನೊಂದು ಕಡೆ ಬೀಳುತ್ತಿತ್ತು.

“ಒಂದೇ ಸುಳ್ಳು ಚುಕ್ಕೆ ಇಟ್ಟು ಸುಮ್ಮನಿದ್ದುಬಿಡಬಾರದಾ?” ಅಂತ ಟೀಚರಮ್ಮ ಆಗಲೇ ಕೇಳಿದ್ದಳು.

“ಒಂದೇ ಇಟ್ರೆ ಅದರ ಸುತ್ತಾನೇ ಹುಡುಕ್ತಾರೆ. ಗಳಿಗೆಗೊಂದು ಕಡೆ ತೋರಿಸಿದ್ರೆ ಓಡಿ ಓಡಿ ಸಾಯ್ಲಿ, ಮುಂಡೇವು,” ಅಂದಿದ್ದಳು ಕಡ್ಡಿ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆ್ಯಪ್‌ಗೆ ಹೆಸರು ತಂದುಕೊಟ್ಟಿದ್ದು ಮಾತ್ರ ಕಡ್ಡಿಯ ಚಿಕ್ಕಮ್ಮ. ತಾಯಿಯ ಒಡಹುಟ್ಟಿದ ತಂಗಿ. ಊರಾಚೆ ಕೆರೆಯ ದಂಡೆಯ ಮೇಲಿನ ಪಂಪ್‌ಹೌಸಿನಲ್ಲಿ ಆಪರೇಟರ್ ಕೆಲಸ. ಹಿಂದಿನ ಕಾಲದಲ್ಲಿ ಕುಡಿಯುವ ನೀರನ್ನು ಮರಳಿನಲ್ಲಿ ಸೋಸುತ್ತಿದ್ದರಲ್ಲ, ಅಂಥ ಎಂಟು ದೊಡ್ಡ ತೊಟ್ಟಿಗಳು ಅಲ್ಲಿವೆ. ಹೊಸ ಯಂತ್ರ ಬಂದ ಮೇಲೆ ಅವನ್ನು ಕೇಳುವವರೇ ಇಲ್ಲ. ಸುತ್ತ ಆಳೆತ್ತರದ ಗೋಡೆ, ಗೋಡೆಯ ತುಂಬ ಮುಳ್ಳುಬಳ್ಳಿ, ಒಳಗೆ ಒಣಗಿದ ಕೆಂಪು ಮರಳು. ಆರನೇ ತೊಟ್ಟಿಗೆ ಮಾತ್ರ ಕೆರೆಯ ಕಡೆಯ ಗೋಡೆ ಕುಸಿದು ಮೊಣಕಾಲೆತ್ತರ ಉಳಿದಿತ್ತು. ಆ ಕುಸಿದ ಕಲ್ಲುಗಳ ಮೇಲೆ ತೆವಳಿಕೊಂಡು ಬಂದು ಹಳದಿಗೆರೆಯ ಆಮೆಗಳು ವರ್ಷಕ್ಕೆ ಒಂದೆರಡು ಸಲ ಮರಳಿನಲ್ಲಿ ಮೊಟ್ಟೆ ಇಡುತ್ತಿದ್ದವು. ಎರಡು ತಿಂಗಳು ಬಂದು ಹೋಗಿ ಮಾಡುತ್ತಾ ಹಗಲೆಲ್ಲ ಬಿಸಿಲಿಗೆ ಅಲ್ಲೇ ಬಿದ್ದುಕೊಂಡಿರುತ್ತಿದ್ದವು. ಆ ಜಾತಿಯಲ್ಲಿ ಉಳಿದಿರುವುದೇ ಬೆರಳೆಣಿಕೆ. ಚಿಕ್ಕಮ್ಮನ ಲೆಕ್ಕದಲ್ಲಿ ಹನ್ನೊಂದು ತಾಯಿ.

ಇಪ್ಪತ್ತೆರಡು ವರ್ಷ ಚಿಕ್ಕಮ್ಮ ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ. “ಅವರಿಗೆ ಹೇಳೋದೂ ಒಂದೇ, ಮೈಕ್ ಹಿಡಿದು ಕೂಗೋದೂ ಒಂದೇ,” ಅನ್ನುತ್ತಿದ್ದಳು. ಹೇಳಿದ್ದು ಒಬ್ಬಳಿಗೇ, ಹತ್ತು ವರ್ಷದ ಕಡ್ಡಿಗೆ, ಅದೂ ಕೈಹಿಡಿದು ಕರೆದುಕೊಂಡು ಹೋಗಿ, ಬಾಯಿಯ ಮೇಲೆ ಬೆರಳಿಟ್ಟು. ಆ್ಯಪ್ ಶುರುವಾದಾಗ ಅದೇ ಕಡ್ಡಿ ಹೋಗಿ ಗೋಗರೆದಿದ್ದಳು. ಚಿಕ್ಕಮ್ಮ ಒಂದೇ ಒಂದು ಪ್ರಶ್ನೆ ಕೇಳಿದ್ದಳು.

“ಎಲ್ಲಿ ಅಂತ ಯಾರಿಗೂ ಗೊತ್ತಾಗಲ್ಲ ತಾನೇ?”

“ನನ್ನಾಣೆ ಚಿಕ್ಕಮ್ಮ.”

ಅಂದಿನಿಂದ, ಆಮೆಗಳು ಬರುವ ಕಾಲದಲ್ಲಿ, ದಿನಾ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಚಿಕ್ಕಮ್ಮನ ಫೋಟೊ ಬರುತ್ತಿತ್ತು. ಕೆಳಗೆ ಎರಡೇ ಎರಡು ಸಾಲು. “ಇವತ್ತು ಎಂಟು ಬಂದಿವೆ. ಮೂಗುಬೊಟ್ಟಿನವಳು ಇನ್ನೂ ಕೋಪದಲ್ಲಿದ್ದಾಳೆ.” ಮೂಗಿನ ಮೇಲೆ ಹಳದಿ ಬೊಟ್ಟಿದ್ದ ಆಮೆಗೆ ಅವಳಿಟ್ಟ ಹೆಸರು ಅದು. ಜನ ಆ ಎರಡು ಸಾಲು ಓದಲೆಂದೇ ಆ್ಯಪ್ ತೆರೆಯುತ್ತಿದ್ದರು.

ಆ ಬುಧವಾರ ಹನ್ನೊಂದು ಗಂಟೆಗೆ ಕಡ್ಡಿ ಯಾರು ಯಾರು ಬಂದು ಹೋಗಿದ್ದಾರೆ ಅಂತ ನೋಡುತ್ತಿದ್ದವಳು ಕುರ್ಚಿಯಿಂದ ಎದ್ದುಬಿಟ್ಟಳು.

“ಬನ್ರೇ ಇಲ್ಲಿ! ‘ಆಮೆಪ್ರೇಮಿ’ ಅಂತ ಒಬ್ಬರು ನಮ್ಮ ಚಿಕ್ಕಮ್ಮನ ಪುಟಾನ ಒಂಬತ್ತು ದಿನದಲ್ಲಿ ಎಷ್ಟು ಸಲ ತೆಗೆದಿದ್ದಾರೆ ಹೇಳಿ ನೋಡೋಣ. ನಾನೂರ ಹನ್ನೆರಡು ಸಲ!”

“ಅಬ್ಬಬ್ಬಾ!” ಅಂದಳು ಪಟಾಕಿ. “ನಮ್ಮಮ್ಮ ನನ್ನ ಮುಖಾನ ಹುಟ್ಟಿದಾಗಿಂದ ಅಷ್ಟು ಸಲ ನೋಡಿಲ್ಲ ಕಣೇ.”

ನಗು, ಕೇಕೆ, ಕೆಳಗಿನ ಅಂಗಡಿಯಿಂದ ಮೂರು ಟೀ. ಟೀಚರಮ್ಮನಿಗೆ ಒಂದು ಯೋಚನೆ ಹೊಳೆಯಿತು. ಆ ಅಭಿಮಾನಿಗೆ ಕಾಣಿಸಿದ ನಾನೂರ ಹನ್ನೆರಡು ಚುಕ್ಕೆಗಳನ್ನೂ ಒಂದೇ ನಕ್ಷೆಯ ಮೇಲೆ ಹಾಕಿ, ಬಣ್ಣ ತುಂಬಿ, ದೊಡ್ಡ ಹಾಳೆಯಲ್ಲಿ ಅಚ್ಚು ತೆಗೆದು ಗೋಡೆಗೆ ಅಂಟಿಸೋಣ ಅಂದಳು. ಕಡ್ಡಿ ಹೂಂ ಅಂದಳು. ಪ್ರಿಂಟರ್ ಕೆಮ್ಮಿತು, ನಿಂತಿತು, ಪಟಾಕಿಯ ಕೈಲಿ ಒಂದು ಗುದ್ದು ತಿಂದು ಮತ್ತೆ ಕೆಮ್ಮಿತು. ಹಾಳೆ ಇಂಚಿಂಚೇ ಹೊರಗೆ ಬಂತು.

ಚಂದವಾಗಿಯೇ ಬಂದಿತ್ತು. ಕಿತ್ತಳೆ ಬಣ್ಣದ ಚುಕ್ಕೆಗಳು ಸೇರಿ ದುಂಡಗೆ ಒಂದು ತಟ್ಟೆಯ ಹಾಗೆ ಕೂತಿದ್ದವು. ಕಡ್ಡಿ ಟೀ ಲೋಟ ಕೆಳಗಿಟ್ಟು, ನಗುತ್ತಲೇ ತೋರುಬೆರಳನ್ನು ಆ ತಟ್ಟೆಯ ನಟ್ಟನಡುವೆ ಇಟ್ಟಳು. ಸುಮ್ಮನೆ, ಯಾರಾದರೂ ಇಡುವ ಹಾಗೆ. ಬೆರಳಿನ ಕೆಳಗೆ ಏನಿದೆ ಅಂತ ಬಗ್ಗಿ ನೋಡಿದಳು.

ಕೆರೆಯ ದಂಡೆ. ಪಂಪ್‌ಹೌಸು.

ಕಣ್ಣು ಮುಚ್ಚಿ ಎಸೆದ ಕಲ್ಲುಗಳು ಎಷ್ಟೇ ಚೆಲ್ಲಾಪಿಲ್ಲಿಯಾಗಿ ಬೀಳಲಿ, ನಾನೂರು ಕಲ್ಲು ಬಿದ್ದ ಮೇಲೆ ಎಸೆದವಳು ಎಲ್ಲಿ ನಿಂತಿದ್ದಳು ಅಂತ ಎಂಥವನೂ ಹೇಳಬಲ್ಲ. ಒಂದು ಸುಳ್ಳನ್ನು ಒಂದೇ ಸಲ ಹೇಳಿದ್ದರೆ ಉಳಿಯುತ್ತಿತ್ತು. ಅವಳು ನಾನೂರ ಹನ್ನೆರಡು ಸಲ ಬೇರೆ ಬೇರೆ ಸುಳ್ಳು ಹೇಳಿ ನಿಜವನ್ನು ತಾನೇ ಎತ್ತಿ ಕೊಟ್ಟಿದ್ದಳು.

“ಏನಾಯ್ತೇ? ಯಾಕೆ ಹೀಗೆ ಬಿಳಿಚಿಕೊಂಡೆ?” ಅಂದಳು ಟೀಚರಮ್ಮ.

ಕಡ್ಡಿ ಪರದೆಯ ಮುಂದೆ ಕೂತಳು. ಆಮೆಪ್ರೇಮಿ ಕೊನೆಯ ಸಲ ಪುಟ ತೆರೆದದ್ದು ನಿನ್ನೆ ಮಧ್ಯಾಹ್ನ. ಒಂಬತ್ತು ದಿನ ಬಿಡದೆ ತೆರೆದವನು ನಿನ್ನೆ ಮಧ್ಯಾಹ್ನದಿಂದ ಒಮ್ಮೆಯೂ ತೆರೆದಿರಲಿಲ್ಲ. ಬೇಸರ ಬಂದು ಬಿಟ್ಟನೇ? ಇಲ್ಲ. ಬೇಕಾದ್ದು ಸಿಕ್ಕಿದೆ, ಅದಕ್ಕೇ ನಿಲ್ಲಿಸಿದ್ದಾನೆ. ಅದು ಹೊಳೆದ ಕೂಡಲೇ ಕಡ್ಡಿ ಫೋನು ಕೈಗೆತ್ತಿಕೊಂಡಳು.

ಚಿಕ್ಕಮ್ಮನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತುವುದಿಲ್ಲವೆಂದು ಅವಳಿಗೆ ಗೊತ್ತೇ ಇತ್ತು. ಪಂಪು ಓಡುವಾಗ ಫೋನಿನ ಸದ್ದು ಹೇಗೂ ಕೇಳಿಸುವುದಿಲ್ಲ ಅಂತ ಚಿಕ್ಕಮ್ಮ ಅದನ್ನು ತಗಡಿನ ಡಬ್ಬಿಯಲ್ಲಿಟ್ಟು, ಸಂಜೆ ನಾಲ್ಕಕ್ಕೆ ಪಾಳಿ ಮುಗಿದ ಮೇಲೇ ತೆಗೆಯುವವಳು. ಆದರೂ ಹದಿನಾಲ್ಕು ಸಲ ಮಾಡಿದಳು. ಪಟಾಕಿ ಅರಣ್ಯ ಇಲಾಖೆಗೆ ಫೋನು ಹಚ್ಚಿದಳು. ಜೀಪು ಹೊರಗೆ ಹೋಗಿದೆ, ಏನಾದರೂ ಆಗಿದೆಯಾ, ಆಗಿಲ್ಲವಲ್ಲ, ಒಂದು ಅರ್ಜಿ ಬರೆದು ಕಳಿಸಿ ಅಂದರು. “ಆದ ಮೇಲೆ ಬಂದು ನೀವೇನು ಮೊಟ್ಟೆ ಇಡ್ತೀರಾ?” ಅಂತ ಅವಳು ಕೂಗುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಪೊಲೀಸಿನವರು ನೋಡ್ತೀವಿ ಅಂದರು.

“ನಾನು ನಕ್ಷೆ ಮುಚ್ತೀನಿ. ಪೂರ್ತಿ ಮುಚ್ತೀನಿ. ನೀವಿಬ್ಬರೂ ಹೊರಡಿ,” ಅಂದಳು ಟೀಚರಮ್ಮ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆದರೂ ಹಾಕಬೇಕಲ್ಲ.

ಸ್ಕೂಟರಿನಲ್ಲಿ ನಲವತ್ತು ನಿಮಿಷದ ದಾರಿ. ಪಟಾಕಿ ಓಡಿಸುತ್ತಿದ್ದಳು, ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡು. ಹಿಂದೆ ಕೂತ ಕಡ್ಡಿಗೆ ದಾರಿಯಲ್ಲಿ ಕಂಡ ಪ್ರತಿ ವ್ಯಾನೂ ಅದೇ ವ್ಯಾನು ಅನ್ನಿಸುತ್ತಿತ್ತು. ಆಮೆಗಳ ಚಿಂತೆ ಇತ್ತು, ನಿಜ. ಆದರೆ ಅದಕ್ಕಿಂತ ಚಿಕ್ಕಮ್ಮನ ಚಿಂತೆ ಹೆಚ್ಚಾಗುತ್ತಾ ಬಂತು. ಅವಳು ಸುಮ್ಮನಿರುವ ಹೆಂಗಸಲ್ಲ. ಕಳ್ಳರು ಬಂದರೆ ಸ್ಪ್ಯಾನರ್ ಹಿಡಿದು ಎದುರು ನಿಲ್ಲುವವಳು. ಐವತ್ತಾರು ವರ್ಷದ ಹೆಂಗಸು, ಒಬ್ಬಳೇ, ಕೂಗಿದರೂ ಕೇಳದ ಪಂಪಿನ ಸದ್ದಿನಲ್ಲಿ. ದೇವರೇ, ಅವಳಿಗೇನೂ ಆಗದೆ ಇರಲಿ, ಆಮೆ ಹೋದರೆ ಹೋಗಲಿ ಅಂದುಕೊಂಡಳು ಕಡ್ಡಿ. ಅಂದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಪಂಪ್‌ಹೌಸಿನ ಗೇಟು ತೆರೆದಿತ್ತು. ಒಳಗೆ ಬೂದಿ ಬಣ್ಣದ ವ್ಯಾನು. ಹಿಂದಿನ ಬಾಗಿಲು ಅರ್ಧ ತೆಗೆದಿತ್ತು. ತರಕಾರಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳು ಒಂದರ ಮೇಲೊಂದು, ಮೇಲೆ ಒದ್ದೆ ಗೋಣಿಚೀಲ. ಇಬ್ಬರು ಗಂಡಸರು ನೆರಳಿನಲ್ಲಿ ನಿಂತು ಫೋನು ನೋಡುತ್ತಿದ್ದರು. ಕಡ್ಡಿ ಪಟಾಕಿಯ ಕೈ ಗಟ್ಟಿಯಾಗಿ ಅದುಮಿ, “ನೀನಿಲ್ಲೇ ಇರು, ಪೊಲೀಸಿಗೆ ಇನ್ನೊಂದು ಸಲ ಮಾಡು,” ಅಂತ ಪಿಸುಗುಟ್ಟಿ ಒಳಗೆ ಹೋದಳು.

ಒಳಗೆ ಚಿಕ್ಕಮ್ಮ ಟೀ ಬಗ್ಗಿಸುತ್ತಿದ್ದಳು.

ಅವಳ ಕುರ್ಚಿಯಲ್ಲಿ ನೀಟಾಗಿ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ ಕೂತಿದ್ದ. ಕಾಲೇಜು ಮೇಷ್ಟರ ಹಾಗಿದ್ದ. ಮೊಣಕಾಲ ಮೇಲೆ ಫೋನು, ಅದರಲ್ಲಿ ಮೂಗುಬೊಟ್ಟಿನವಳ ಫೋಟೊ.

“ಅಯ್ಯೋ ಬಾ ಬಾ, ನೂರು ವರ್ಷ ಆಯಸ್ಸು ನಿನಗೆ!” ಅಂತ ಚಿಕ್ಕಮ್ಮ ಪಂಪಿನ ಸದ್ದಿಗಿಂತ ಜೋರಾಗಿ ಕೂಗಿದಳು. “ಈಗ ತಾನೇ ನಿನ್ನ ಮಾತೇ ಆಡ್ತಿದ್ವಿ. ನಿಮ್ಮ ಕಾವಲಿನವರೇ ಬಂದಿದ್ದಾರೆ ನೋಡು. ನಾನು ಹಾಕಿದ ಫೋಟೊ ಒಂದೂ ಬಿಡದೆ ಇಟ್ಕೊಂಡಿದ್ದಾರೆ ಕಣೇ. ಟೀ ಕುಡಿದು ಮೀಟರ್ ಬರ್ಕೊಂಡು ಕರ್ಕೊಂಡು ಹೋಗಿ ತೋರಿಸೋಣ ಅಂತಿದ್ದೆ.”

ಆ ಮನುಷ್ಯ ಎದ್ದು ನಿಂತು ಕಡ್ಡಿಗೆ ನಮಸ್ಕಾರ ಹೇಳಿದ. “ನೀವೇನಾ ಮೇಡಂ ಮಾಡಿದ್ದು? ಬಹಳ ಚೆನ್ನಾಗಿದೆ. ನಮಗಂತೂ ತುಂಬ ಉಪಯೋಗಕ್ಕೆ ಬಂತು.”

ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿತ್ತು. ಬಾಗಿಲ ಬಳಿ ಆ ಇಬ್ಬರಲ್ಲಿ ಒಬ್ಬ ಬಂದು ನಿಂತಿದ್ದು ಕಡ್ಡಿಯ ಬೆನ್ನಿಗೇ ಗೊತ್ತಾಯಿತು. ಒಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳೋಣ ಅಂತ ಅವಳ ಚುರುಕು ತಲೆ ಹುಡುಕಿತು. ಆಮೆಗಳು ಹೋಗಿಬಿಟ್ಟಿವೆ ಅನ್ನಲೇ? ಬೇರೆ ಕಡೆ ಸಾಗಿಸಿದ್ದೇವೆ ಅನ್ನಲೇ? ಚಿಕ್ಕಮ್ಮ ನಗುತ್ತಾ ಟೀ ಲೋಟ ಹಿಡಿದುಕೊಂಡು ನಿಂತಿದ್ದಳು. ಆ ಮುಖ ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ.

“ಚಿಕ್ಕಮ್ಮ, ಇವರು ನಮ್ಮವರಲ್ಲ.”

ದನಿ ಹೊರಟಿದ್ದು ಅವಳಿಗೇ ಕೇಳಿಸಲಿಲ್ಲ. ಇನ್ನೊಂದು ಸಲ ಕಿರುಚಿದಳು.

ಆ ಮನುಷ್ಯ ಬೇಸರ ಮಾಡಿಕೊಳ್ಳಲಿಲ್ಲ. ಲೋಟದಲ್ಲಿದ್ದ ಟೀಯನ್ನು ಪೂರ್ತಿ ಕುಡಿದು ಮೇಜಿನ ಮೇಲಿಟ್ಟ. “ಟೀ ಚೆನ್ನಾಗಿತ್ತು ಅಮ್ಮಾ,” ಅಂದ. “ಇರೋದು ಎಂಟು ತೊಟ್ಟಿ ತಾನೇ? ನಾವೇ ನೋಡ್ಕೋತೀವಿ. ನೀವು ಇಲ್ಲೇ ಕೂತಿರಿ, ಹೊರಗೆ ಬಿಸಿಲು ಜಾಸ್ತಿ.” ಕೂತಿರಿ ಅನ್ನುವಾಗ ಅವನು ಚಿಕ್ಕಮ್ಮನ ಭುಜದ ಮೇಲೆ ಕೈಯಿಟ್ಟು ಒಂದು ಗಳಿಗೆ ಒತ್ತಿದ. ಚಿಕ್ಕಮ್ಮ ಕುಸಿದ ಹಾಗೆ ಕುರ್ಚಿಯಲ್ಲಿ ಕೂತಳು. ಅವರು ಹೊರಗೆ ಹೋದರು. ತೆರೆದ ಬಾಗಿಲಿನಿಂದ, ಪಂಪಿನ ಸದ್ದನ್ನೂ ಮೀರಿ, ಪಟಾಕಿಯ ಕೂಗು ಕೇಳಿಸಿತು, ಫೋಟೊ ತೆಗೀತೀನಿ, ನಂಬರ್ ತೆಗೀತೀನಿ ಅಂತ. ಆಮೇಲೆ ಒಂದು ಚೀರು. ಕಡ್ಡಿ ಕಿಟಕಿಗೆ ಓಡಿದಳು. ಪಟಾಕಿ ಕೆರೆಯ ಅಂಚಿನಲ್ಲಿ ನೆಲದ ಮೇಲೆ ಕೂತಿದ್ದಳು, ಮೊಣಕೈ ಹಿಡಿದುಕೊಂಡು. ಅವಳ ಫೋನನ್ನು ಅವರು ಕೆರೆಗೆ ಎಸೆದಿದ್ದರು. ಗಂಡಸರು ಮೊದಲನೇ ತೊಟ್ಟಿಯ ಗೋಡೆ ಹತ್ತುತ್ತಿದ್ದರು.

“ದಾರಿ ಹೇಗೆ ಗೊತ್ತಾಯ್ತು ಇವನಿಗೆ?” ಅಂತ ಚಿಕ್ಕಮ್ಮ ಹಿಂದಿನಿಂದ ಕೇಳಿದಳು.

“ನನ್ನಿಂದ.”

“ನೀನು ಹೇಳಿದೆಯಾ?”

“ಹೇಳಲಿಲ್ಲ. ನಾನು ಮಾಡಿದ ನಕ್ಷೆ ಹೇಳಿತು. ನಾನು ಸರಿಯಾಗಿ ಯೋಚನೆ ಮಾಡಲಿಲ್ಲ ಚಿಕ್ಕಮ್ಮ.”

ಚಿಕ್ಕಮ್ಮ ಅವಳನ್ನು ನೋಡಿದ ನೋಟದಲ್ಲಿ ಕೋಪ ಇರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲೂ ಇಲ್ಲ. ಎದ್ದಳು, ಗೋಡೆಯ ಮೇಲಿನ ಟಾರ್ಚು ತೆಗೆದುಕೊಂಡಳು, ನೆಲಮಾಳಿಗೆಯ ಮೆಟ್ಟಿಲು ಇಳಿದಳು. ಕಡ್ಡಿ ಹಿಂದೆಯೇ ಓಡಿದಳು.

ಕೆಳಗೆ ಪಂಪಿನ ಸದ್ದು ಅರ್ಧಕ್ಕೆ ಇಳಿದಿತ್ತು. ಸಾಲಾಗಿ ಎಂಟು ವಾಲ್ವುಗಳು. ಪಂಪು ಎತ್ತಿದ ಕೆರೆಯ ನೀರನ್ನು ತೊಟ್ಟಿಗಳಿಗೆ ಬಿಡುವ ಹಳೆಯ ಕಬ್ಬಿಣದ ಚಕ್ರಗಳು, ಒಂದೊಂದೂ ಸ್ಟೇರಿಂಗಿನ ಎರಡರಷ್ಟು ದೊಡ್ಡವು. ಚಿಕ್ಕಮ್ಮ ಆರನೆಯದರ ಮುಂದೆ ನಿಂತು ಅದರ ಮೇಲೆ ಎರಡೂ ಕೈಯಿಟ್ಟಳು. ಇಟ್ಟವಳು ಹಾಗೇ ನಿಂತುಬಿಟ್ಟಳು.

“ನೀರು ಬಿಟ್ರೆ ತೊಟ್ಟಿ ತುಂಬುತ್ತೆ. ಅವು ತೇಲಿಕೊಂಡು ಒಡೆದ ಗೋಡೆ ದಾಟಿ ಕೆರೆಗೆ ಹೋಗ್ತಾವೆ,” ಅಂದಳು. ಯಾರಿಗೆ ಹೇಳುತ್ತಿದ್ದಾಳೆ ಅಂತ ಗೊತ್ತಾಗಲಿಲ್ಲ. “ನಡೆದು ಹೋಗೋಕೆ ಬಿಟ್ರೆ ಒಂದೊಂದಕ್ಕೂ ಕಾಲು ಗಂಟೆ ಬೇಕು.”

“ಬಿಡು ಮತ್ತೆ, ಬೇಗ ಬಿಡು!”

“ಮೊಟ್ಟೆ?”

ಕಡ್ಡಿಗೆ ಆಗ ನೆನಪಾಯಿತು. ಮರಳಿನೊಳಗೆ ಒಂಬತ್ತು ಗೂಡು. ಎಲ್ಲೆಲ್ಲಿ ಅಂತ ಚಿಕ್ಕಮ್ಮ ಒಂದೊಂದಕ್ಕೂ ಒಂದು ಬಿಳಿ ಕಲ್ಲು ಇಟ್ಟಿದ್ದಳು. ಒಳಗಿರುವ ಮರಿಗೂ ಉಸಿರು ಬೇಕು. ಮರಳು ನೆನೆದು ಒಂದು ಹಗಲು ನಿಂತರೆ ಮುಗಿಯಿತು, ಈ ಹಳೆಯ ತೊಟ್ಟಿಯಲ್ಲಿ ತುಂಬಿದ ನೀರು ಇಂಗಲು ವಾರವೇ ಬೇಕು.

“ಅಗೆದು ತೆಗೆಯೋಕಾಗಲ್ವಾ?”

“ನಲವತ್ತೊಂದು ದಿನದ ಮೊಟ್ಟೆ ಕಣೇ. ಹೊರಳಿಸಿದ್ರೂ ಸಾಯ್ತಾವೆ. ಹದಿನೈದು ದಿನ ಇತ್ತು, ಹದಿನೈದೇ ದಿನ.” ಮೇಲಿನ ಸಣ್ಣ ಕಿಂಡಿಯಲ್ಲಿ, ಎರಡನೇ ತೊಟ್ಟಿಯ ಗೋಡೆ ಹತ್ತುತ್ತಿದ್ದ ಗಂಡಸರು ಕಂಡರು. ಒಂದು, ಎರಡು. ಆರಕ್ಕೆ ಬರಲು ಎಷ್ಟು ಹೊತ್ತು ಬೇಕು? ಚಿಕ್ಕಮ್ಮ ಚಕ್ರವನ್ನು ಎಳೆದಳು. ಅದು ಅಲುಗಲಿಲ್ಲ. ವರ್ಷಗಟ್ಟಲೆ ತುಕ್ಕು.

“ಹಿಡ್ಕೋ,” ಅಂದಳು.

ಕಡ್ಡಿ ಕೈಯಿಟ್ಟಳು. ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ಇಬ್ಬರೂ ಮೈಭಾರ ಬಿಟ್ಟು ಎಳೆದರು. ಒಂದು ಸಲ ಕಿರುಗುಟ್ಟಿತು. ಇನ್ನೊಂದು ಸಲ. ಮೂರನೆಯ ಸಲಕ್ಕೆ ಗಕ್ಕನೆ ತಿರುಗಿ, ಕಾಲ ಕೆಳಗಿನ ಕೊಳವೆಯೊಳಗೆ ನೀರು ಹೋ ಅಂತ ಹೊರಟಿತು. ಆ ಸದ್ದಿಗೆ ಚಿಕ್ಕಮ್ಮ ಎರಡೂ ಕಿವಿ ಮುಚ್ಚಿಕೊಂಡಳು.

ಮೇಲೆ ಬಂದು ಅವರು ಆರನೇ ತೊಟ್ಟಿಯ ಗೋಡೆಯ ಸಂದಿನಿಂದ ನೋಡಿದರು. ಕೆಂಪು ನೀರು ಮರಳಿನ ಮೇಲೆ ನೊರೆ ಕಟ್ಟಿಕೊಂಡು ಹರಡುತ್ತಿತ್ತು. ಬಿಸಿಲು ಕಾಯುತ್ತಿದ್ದ ಆಮೆಗಳು ಕತ್ತೆತ್ತಿ ನೋಡಿದವು. ನೀರು ಹೊಟ್ಟೆಗೆ ಬಂತು, ಬೆನ್ನಿಗೆ ಬಂತು. ಒಂದು ಎದ್ದು ತೇಲಿತು, ಆಮೇಲೆ ಇನ್ನೊಂದು. ನೆಲದ ಮೇಲೆ ಅಷ್ಟು ಮಂದವಾಗಿದ್ದವು ನೀರಿಗೆ ಬಿದ್ದ ಕೂಡಲೇ ಎಲ್ಲಿತ್ತೋ ಆ ಚುರುಕು. ಚಿಕ್ಕಮ್ಮ ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದಳು. ಬಿಳಿ ಕಲ್ಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಅವನ್ನು ಅವಳು ಎಣಿಸಲಿಲ್ಲ. ಕಡ್ಡಿ ಎಣಿಸಿದಳು.

ಗಂಡಸರು ಐದನೇ ತೊಟ್ಟಿಯಿಂದ ಇಳಿದು ಬರುವ ಹೊತ್ತಿಗೆ ಕೊನೆಯ ಆಮೆ, ಮೂಗುಬೊಟ್ಟಿನವಳೇ, ಒಡೆದ ಗೋಡೆಯ ಮೇಲೆ ಹರಿಯುವ ನೀರಿನ ಜೊತೆ ಜಾರಿ ಕೆರೆಗೆ ಬಿತ್ತು. ಒಬ್ಬ ಹಿಂದೆಯೇ ನೆಗೆಯಲು ಹೋದ. ಇಸ್ತ್ರಿ ಅಂಗಿಯವನು ಬೇಡ ಅಂತ ಅವನ ತೋಳು ಹಿಡಿದ. ದೂರದಲ್ಲಿ, ಕೆರೆಯ ಏರಿಯ ಮೇಲೆ, ಪೊಲೀಸ್ ಜೀಪು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಅವನು ಅದನ್ನು ನೋಡಿದ, ಕೈಗಡಿಯಾರ ನೋಡಿಕೊಂಡ, ಕಡ್ಡಿಯ ಹತ್ತಿರ ಬಂದ.

“ಪರವಾಗಿಲ್ಲ ಮೇಡಂ,” ಅಂದ ಮೆಲ್ಲಗೆ. “ನಿಮ್ಮ ನಕ್ಷೆಯಲ್ಲಿ ಬೇರೆ ಚುಕ್ಕೆಗಳೂ ಇದ್ವಲ್ಲ.”

ವ್ಯಾನು ಹಿಂದಿನ ಗೇಟಿನಿಂದ ಹೊರಟುಹೋಯಿತು. ಜೀಪಿನವರು ಬಂದು ಬರೆದುಕೊಂಡರು. ವ್ಯಾನಿನ ನಂಬರು ಕೇಳಿದರು. ನಂಬರು ಪಟಾಕಿಯ ಫೋನಿನ ಜೊತೆ ಕೆರೆಯ ತಳದಲ್ಲಿತ್ತು.

ಆ ಸಂಜೆಯೇ ಮೂವರೂ ಕೂತು, ಕಾವಲಿಗೆ ಗುಟ್ಟು ಕೊಟ್ಟಿದ್ದ ಅರವತ್ತಮೂರು ಜನಕ್ಕೂ ಒಬ್ಬೊಬ್ಬರಿಗೇ ಫೋನು ಮಾಡಿದರು. ನಿಮ್ಮ ಹಕ್ಕಿಯ ಜಾಗ ಗೊತ್ತಾಗಿರಬಹುದು, ನಿಮ್ಮ ಹಾವಿನ ಬಿಲ ಗೊತ್ತಾಗಿರಬಹುದು, ತಪ್ಪು ನಮ್ಮದು. ಕೆಲವರು ಬೈದರು, ಕೆಲವರು ಅತ್ತರು. ಒಬ್ಬ ಮೀನು ಹಿಡಿಯುವ ತಾತ, “ನಿನ್ನನ್ನ ನಂಬಿದ್ನಲ್ಲ ತಾಯಿ,” ಅಂತ ಅಷ್ಟೇ ಅಂದ. ಕಡ್ಡಿ ಆಮೇಲೆ ಹದಿನೇಳು ದಿನ ಕೂತು ಕೋಡನ್ನು ಬುಡದಿಂದ ಬರೆದಳು. ಒಂದು ಜಾಗಕ್ಕೆ ಒಂದೇ ಸುಳ್ಳು ಚುಕ್ಕೆ, ಎಷ್ಟು ಸಲ ತೆರೆದರೂ ಅದೇ ಚುಕ್ಕೆ. ಟೀಚರಮ್ಮ ಮೊದಲೇ ಹೇಳಿದ್ದಳಲ್ಲ, ಅದೇ. ಅವಳು ಪಾಪ ಒಂದು ಸಲವೂ ಎತ್ತಿ ಆಡಲಿಲ್ಲ. ದಿನಾ ಏಳೂವರೆಗೆ ಮೂವರೂ ಏನೋ ಕೆಲಸವಿದ್ದ ಹಾಗೆ ಪರದೆಯ ಕಡೆ ನೋಡುತ್ತಿದ್ದರು. ಚಿಕ್ಕಮ್ಮನ ಫೋಟೊ ಬರುತ್ತಿರಲಿಲ್ಲ. ಭಯವಂತೂ ಹೋಗಿರಲಿಲ್ಲ, ಕೆಳಗಿನ ಅಂಗಡಿಗೆ ಇಸ್ತ್ರಿ ಅಂಗಿಯ ಗಿರಾಕಿ ಬಂದರೂ ಕಡ್ಡಿ ಬಾಗಿಲ ಚಿಲಕ ಹಾಕುತ್ತಿದ್ದಳು.

ಕೋಡು ಮುಗಿದ ದಿನ ಅವಳು ಪಂಪ್‌ಹೌಸಿಗೆ ಹೋದಳು. ಆರನೇ ತೊಟ್ಟಿಯ ನೀರು ಇಳಿದು ಮರಳು ಬಿರುಕು ಬಿಟ್ಟಿತ್ತು. ಬಿಳಿ ಕಲ್ಲುಗಳನ್ನು ಯಾರೋ ಆಯ್ದು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿದ್ದರು. ಚಿಕ್ಕಮ್ಮ ಮೊದಲಿನ ಹಾಗೇ ಬಾ ಅಂದಳು, ಟೀ ಕೊಟ್ಟಳು, ತೆಳ್ಳಗಾಗಿದ್ದೀಯಾ, ಇನ್ನೂ ತೆಳ್ಳಗಾಗೋಕೆ ಜಾಗ ಎಲ್ಲಿತ್ತು ಅಂತ ತಮಾಷೆ ಮಾಡಿದಳು. ಪ್ರೀತಿಗೆ ಏನೂ ಕಡಿಮೆಯಿರಲಿಲ್ಲ. ಕಡ್ಡಿ ಹೊಸ ನಕ್ಷೆ ತೆಗೆದು ತೋರಿಸಿದಳು. ಚಿಕ್ಕಮ್ಮ ಚೆನ್ನಾಗಿದೆ ಅಂದಳು.

“ಚಿಕ್ಕಮ್ಮ, ಅವು ಮತ್ತೆ ಬಂದ್ವಾ? ಎಲ್ಲಾದರೂ ಕಾಣಿಸಿಕೊಂಡ್ವಾ?”

“ಎಲ್ಲಿ ಬರ್ತಾವೆ ಹೇಳು. ಹೆದರಿಬಿಟ್ವು ಪಾಪ. ನನಗಂತೂ ಒಂದೂ ಕಂಡಿಲ್ಲ.”

ಚಿಕ್ಕಮ್ಮ ಮೀಟರ್ ಬರೆದುಕೊಳ್ಳಲು ಎದ್ದಳು. ಬಾಗಿಲ ಪಕ್ಕ ಅವಳ ಗಂಬೂಟುಗಳಿದ್ದವು, ಒದ್ದೆಯಾಗಿ, ಹಿಮ್ಮಡಿಯವರೆಗೆ ಮರಳು ಮೆತ್ತಿಕೊಂಡು. ತೊಟ್ಟಿಯ ಮರಳು ಕೆಂಪು. ಇದು ಬಿಳಿ ಮರಳು, ಇನ್ನೂ ಆರಿರಲಿಲ್ಲ. ಬೂಟಿನೊಳಗೆ ಅವಳು ಐದಾರು ಹೊಸ ಕಲ್ಲು ಹಾಕಿಟ್ಟಿದ್ದಳು, ಉರುಟಾಗಿ, ಬೆಳ್ಳಗೆ.

ಕಡ್ಡಿ ಅವನ್ನು ನೋಡಿದಳು. ಚಿಕ್ಕಮ್ಮ ತಿರುಗಿ, ಕಡ್ಡಿ ನೋಡುತ್ತಿರುವುದನ್ನು ನೋಡಿದಳು. ಹತ್ತು ವರ್ಷದ ಹುಡುಗಿಯನ್ನು ಕೈಹಿಡಿದು ಕರೆದುಕೊಂಡು ಹೋಗಿದ್ದವಳ ಕಣ್ಣಲ್ಲಿ ಈಗ ಹೆದರಿಕೆಯಿತ್ತು. ಇಸ್ತ್ರಿ ಅಂಗಿಯವನು ಬಂದಾಗಲೂ ಚಿಕ್ಕಮ್ಮ ಇಷ್ಟು ಹೆದರಿರಲಿಲ್ಲ. ಕಡ್ಡಿಗೆ ಬದುಕಿವೆಯಲ್ಲ, ಮತ್ತೆ ಮೊಟ್ಟೆ ಇಟ್ಟಿವೆಯಲ್ಲ ಅಂತ ಕುಣಿಯಬೇಕು ಅನ್ನಿಸಿತು, ಅಳುವೂ ಬಂತು.

“ಹೌದು ಚಿಕ್ಕಮ್ಮ, ಇನ್ನೆಲ್ಲಿ ಬರ್ತಾವೆ,” ಅಂದಳು.

ಫೋನನ್ನು ಆರಿಸಿ ಚೀಲದೊಳಗೆ ಹಾಕಿಕೊಂಡು, ಲೋಟ ತೊಳೆದಿಟ್ಟು, ಕೆರೆಯ ಕಡೆ ತಿರುಗಿಯೂ ನೋಡದೆ ಹೊರಟಳು.